ಯಾರೂ ಲಾಗಿನ್ ಆಗದ ಕಂಪ್ಯೂಟರಿನಲ್ಲಿ ಜ್ಯಾಂಗೊ

ಮಲೆನಾಡಿನ ಒಂದು ಸಣ್ಣ ಸಹಕಾರ ಸಂಘಕ್ಕೆ ನಾನು ಜ್ಯಾಂಗೊದಲ್ಲಿ (ವೆಬ್ ತಂತ್ರಾಂಶ ಕಟ್ಟಲು ಪೈಥಾನ್ ಭಾಷೆಯಲ್ಲಿರುವ ಚೌಕಟ್ಟು) ಬರೆದುಕೊಟ್ಟ ತಂತ್ರಾಂಶವು ಮೊದಲ ಕೆಲವು ತಿಂಗಳು ಓಡಿದ್ದು ಒಂದು ಕಪ್ಪು ಕಿಟಕಿಯ ಕೃಪೆಯಿಂದ. ಸದಸ್ಯರು ತಂದ ಅಡಿಕೆಯ ತೂಕ, ಕೊಟ್ಟ ಮುಂಗಡ, ಉಳಿದ ಬಾಕಿ, ಇಷ್ಟನ್ನು ದಾಖಲಿಸಿ ಚೀಟಿ ಮುದ್ರಿಸುವುದಷ್ಟೇ ಅದರ ಕೆಲಸ. ಸಂಘದಲ್ಲಿದ್ದ ಕಂಪ್ಯೂಟರುಗಳೆಲ್ಲ ವಿಂಡೋಸ್. ಲೆಕ್ಕಪತ್ರದ ಹಳೆಯ ತಂತ್ರಾಂಶವೂ ಚೀಟಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಡ್ರೈವರೂ ಅದರ ಮೇಲೆಯೇ ನಿಂತಿದ್ದವು. ಲಿನಕ್ಸ್ ಹಾಕೋಣವೆಂಬ ನನ್ನ ಸಲಹೆಯನ್ನು ಅವರು ನಯವಾಗಿಯೇ ತಳ್ಳಿಹಾಕಿದರು. ಹಾಗಾಗಿ, ಕಪ್ಪು ಕಿಟಕಿಯಲ್ಲಿ ಓಡುತ್ತ ಬ್ರೌಸರಿಗೆ ಪುಟಗಳನ್ನು ಬಡಿಸುವ ಜ್ಯಾಂಗೊದ ರನ್‌ಸರ್ವರ್ ಆದೇಶವನ್ನು ಒಂದು ಬ್ಯಾಚ್ ಫೈಲಿನಲ್ಲಿಟ್ಟು, ಆ ಫೈಲನ್ನು ಸ್ಟಾರ್ಟ್‌ಅಪ್ ಫೋಲ್ಡರಿಗೆ ಹಾಕಿ, ಕೆಲಸ ಮುಗಿಯಿತೆಂದು ನಾನು ಮನೆಗೆ ಬಂದಿದ್ದೆ.

ಮಳೆಗಾಲದಲ್ಲಿ ಅದರ ಬಣ್ಣ ಬಯಲಾಯಿತು. ರಾತ್ರಿ ಕರೆಂಟು ಹೋಗಿ, ಯುಪಿಎಸ್ ಬರಿದಾಗಿ, ಬೆಳಗಿನ ಜಾವ ಕರೆಂಟು ಬಂದೊಡನೆ ಕಂಪ್ಯೂಟರು ತಾನಾಗಿಯೇ ಏಳುತ್ತಿತ್ತು. ಆದರೆ ಯಾರಾದರೂ ಬಂದು ಪಾಸ್‌ವರ್ಡ್ ಒತ್ತುವವರೆಗೆ ಸ್ಟಾರ್ಟ್‌ಅಪ್ ಫೋಲ್ಡರಿನತ್ತ ವಿಂಡೋಸ್ ತಿರುಗಿಯೂ ನೋಡುವುದಿಲ್ಲ. ಪಕ್ಕದ ಗೋದಾಮಿನ ಕಂಪ್ಯೂಟರಿನಿಂದ ತೂಕ ಹಾಕಬೇಕಾದವರು ಕಚೇರಿಯ ಬಾಗಿಲು ತೆರೆಯುವವರೆಗೆ ಕಾಯಬೇಕಾಗುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಒಂದು ದಿನ ಮಧ್ಯಾಹ್ನ, ಸಂಘದ ಹಿರಿಯ ಗುಮಾಸ್ತರು ಫೋನ್ ಮಾಡಿ, “ಎಂತದೋ ಕಪ್ಪು ಕಿಟಕಿ ಅಡ್ಡ ಬರ್ತಾ ಇತ್ತು ಮಾರಾಯ್ರೇ, ಮುಚ್ಚಿಬಿಟ್ಟೆ. ಈಗ ಯಾವುದೂ ತೆರೆಯೂದಿಲ್ಲ” ಎಂದರು. ತಪ್ಪು ಅವರದ್ದಲ್ಲ. ಮುಚ್ಚಬಾರದ ಕಿಟಕಿಯನ್ನು ಮುಚ್ಚುವ ಗುಂಡಿಯ ಸಮೇತ ಅವರ ಕಣ್ಣೆದುರಿಗಿಟ್ಟವನು ನಾನು.

ಇದಕ್ಕೆ ವಿಂಡೋಸಿನಲ್ಲಿರುವ ಸರಿಯಾದ ದಾರಿ ಸರ್ವಿಸ್. ಯಾರೂ ಲಾಗಿನ್ ಆಗದಿದ್ದರೂ ಯಂತ್ರ ಎದ್ದೊಡನೆ ಆರಂಭವಾಗುವ, ಕಿಟಕಿಯಿಲ್ಲದ, ಬಿದ್ದರೆ ಮತ್ತೆ ಎಬ್ಬಿಸಬಲ್ಲ ಪ್ರೊಸೆಸ್, ಅಂದರೆ ಓಡುತ್ತಿರುವ ಕಾರ್ಯಕ್ರಮ, ಅದು. ವಿಂಡೋಸಿನಲ್ಲಿ ಎಸ್‌ಸಿ ಎಂಬ ಆದೇಶವಿದೆ. ಅದಕ್ಕೆ ಸರ್ವಿಸಿನ ಹೆಸರನ್ನೂ ಓಡಿಸಬೇಕಾದ ಕಾರ್ಯಕ್ರಮದ ದಾರಿಯನ್ನೂ ಕೊಟ್ಟರೆ ಸರ್ವಿಸ್ ನೋಂದಣಿಯಾಗುತ್ತದೆ. ಬಿನ್‌ಪಾತ್ ಎಂದು ಬರೆದು ಸಮ ಚಿಹ್ನೆ ಹಾಕಿದ ಮೇಲೆ ಒಂದು ಖಾಲಿ ಜಾಗ ಬಿಡಲೇಬೇಕೆಂಬ ವಿಚಿತ್ರ ನಿಯಮವನ್ನು ಕಂಡುಕೊಳ್ಳಲು ನನಗೆ ಅರ್ಧ ಗಂಟೆ ಹಿಡಿಯಿತು. ಪೈಥಾನ್ ಮತ್ತು ಜ್ಯಾಂಗೊದ ಆದೇಶಗಳನ್ನು ಓಡಿಸುವ ಮ್ಯಾನೇಜ್ ಫೈಲಿನ ದಾರಿಗಳನ್ನು ಹಾಗೆಯೇ ಕೊಟ್ಟು ಸರ್ವಿಸನ್ನು ಆರಂಭಿಸಿದೆ. ಬ್ರೌಸರಿನಲ್ಲಿ ಪುಟ ತೆರೆಯಿತು. ಹಿಗ್ಗಿ ಚಹಾಕ್ಕೆ ಎದ್ದು ಬರುವಷ್ಟರಲ್ಲಿ ಪುಟ ಸತ್ತಿತ್ತು. ಪರದೆಯ ಮೇಲೆ 1053ನೆಯ ದೋಷ ಕುಳಿತಿತ್ತು.

ಈ 1053 ಪೈಥಾನಿನಲ್ಲಿ ಸರ್ವಿಸ್ ಬರೆಯಲು ಹೊರಟವರೆಲ್ಲ ದಾಟಬೇಕಾದ ಮೊದಲ ಹೊಸ್ತಿಲು. ಸರ್ವಿಸುಗಳನ್ನು ಎಬ್ಬಿಸಿ ಮಲಗಿಸುವ ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ ಎಂಬ ಮೇಲ್ವಿಚಾರಕನು ಪ್ರೊಸೆಸ್ ಒಂದನ್ನು ಆರಂಭಿಸಿದ ಮೇಲೆ ಅದು ತನ್ನೊಡನೆ ಸಂಪರ್ಕ ಕಲ್ಪಿಸಿಕೊಂಡು “ನಾನು ಬಂದೆ, ಇಗೋ ನನ್ನ ಸ್ಥಿತಿ, ನಿಲ್ಲೆಂದರೆ ನಿಲ್ಲುವೆ” ಎಂದು ಹೇಳಲೆಂದು ಕಾಯುತ್ತಾನೆ. ಕಾಯುವ ಅವಧಿ ಸಾಮಾನ್ಯವಾಗಿ 30 ಸೆಕೆಂಡು. ಪೈಥಾನಿನ ಎಕ್ಸಿಕ್ಯೂಟಬಲ್‌ಗೆ ಈ ಮಾತುಕತೆ ತಿಳಿಯದು. ಅದು ತನ್ನ ಪಾಡಿಗೆ ಜ್ಯಾಂಗೊವನ್ನು ಓಡಿಸುತ್ತಿರುತ್ತದೆ. ಅರ್ಧ ನಿಮಿಷ ಕಾದು ಬೇಸತ್ತ ಮೇಲ್ವಿಚಾರಕ ಅದನ್ನು ಕೊಂದು, ಸರ್ವಿಸ್ ಸಕಾಲದಲ್ಲಿ ಉತ್ತರಿಸಲಿಲ್ಲವೆಂದು ಬರೆದಿಡುತ್ತಾನೆ. ನನ್ನ ಪುಟ ತೆರೆದದ್ದು ಆ ಅರ್ಧ ನಿಮಿಷದ ಆಯುಷ್ಯದಲ್ಲಿ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಸರ್ವಿಸಸ್‌ಪೈಪ್‌ಟೈಮ್‌ಔಟ್ ಎಂಬ ಬೆಲೆಯನ್ನು ಹೆಚ್ಚಿಸಿ ಈ ಅವಧಿಯನ್ನು ಹಿಗ್ಗಿಸಲು ಸಾಧ್ಯವಿದೆ, ಹಲವರು ಅದನ್ನೇ ಮದ್ದೆಂದು ಸೂಚಿಸುವುದೂ ಉಂಟು. ಆದರೆ ಮಾತೇ ಬಾರದವನಿಗೆ ಉತ್ತರಿಸಲು ಹೆಚ್ಚು ಹೊತ್ತು ಕೊಟ್ಟರೆ ಸಾವು ತಡವಾಗುತ್ತದೆಯೇ ಹೊರತು ತಪ್ಪುವುದಿಲ್ಲ.

ಆ ಮಾತುಕತೆಯನ್ನು ಪೈಥಾನಿಗೆ ಕಲಿಸುವುದು ಮಾರ್ಕ್ ಹ್ಯಾಮಂಡ್ ಅವರು ಕಟ್ಟಿದ ಪೈವಿನ್32 ಎಂಬ ಗ್ರಂಥಾಲಯ. ಅದರಲ್ಲಿರುವ ಸರ್ವಿಸ್‌ಫ್ರೇಮ್‌ವರ್ಕ್ ಎಂಬ ಕ್ಲಾಸಿನಿಂದ ನಮ್ಮದೊಂದು ಕ್ಲಾಸನ್ನು ಹುಟ್ಟಿಸಿ, ಸರ್ವಿಸಿನ ಹೆಸರನ್ನೂ ತೋರಿಸಬೇಕಾದ ಹೆಸರನ್ನೂ ಬರೆದು, ಎರಡು ಮೆಥಡ್‌ಗಳನ್ನು ತುಂಬಬೇಕು: ಓಡಬೇಕಾದಾಗ ಕರೆಯಲ್ಪಡುವುದು ಒಂದು, ನಿಲ್ಲಬೇಕಾದಾಗ ಕರೆಯಲ್ಪಡುವುದು ಇನ್ನೊಂದು. ಹೇಳಿದರೆ ಇಷ್ಟೇ. ಓಡುವ ಮೆಥಡಿನೊಳಗೆ ನಾನು ಮತ್ತೆ ರನ್‌ಸರ್ವರನ್ನೇ ಕರೆದೆ, ಏಕೆಂದರೆ ನನಗೆ ಗೊತ್ತಿದ್ದದ್ದು ಅದೊಂದೇ. ಸಿಗ್ನಲ್ಲುಗಳು ಮುಖ್ಯ ಥ್ರೆಡ್ಡಿನಲ್ಲಿ ಮಾತ್ರ ಕೆಲಸ ಮಾಡುತ್ತವೆ ಎಂಬ ದೋಷ ಬಂತು. ಸಿಗ್ನಲ್ ಎಂದರೆ ಪ್ರೊಸೆಸ್ಸಿಗೆ ಬರುವ ಸೂಚನೆ, ಥ್ರೆಡ್ ಎಂದರೆ ಒಂದೇ ಪ್ರೊಸೆಸ್ಸಿನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ. ಸರ್ವಿಸಿನ ಓಡುವ ಭಾಗವನ್ನು ವಿಂಡೋಸ್ ಬೇರೊಂದು ಥ್ರೆಡ್ಡಿನಲ್ಲಿ ಕರೆಯುತ್ತದೆ, ರನ್‌ಸರ್ವರ್ ಆದರೋ ಕೋಡ್ ಬದಲಾದೊಡನೆ ತಾನೇ ಮರುಚಾಲನೆಗೊಳ್ಳುವ ತನ್ನ ಸೌಕರ್ಯಕ್ಕಾಗಿ ಮೊದಲು ಸಿಗ್ನಲ್ಲನ್ನು ಹಿಡಿಯಲು ಹೋಗುತ್ತದೆ.

ಸರಿ, ಹಾಗಾದರೆ ಅದನ್ನು ಬೇರೆ ಪ್ರೊಸೆಸ್ಸಾಗಿಯೇ ಹುಟ್ಟಿಸೋಣವೆಂದು ಸಬ್‌ಪ್ರೊಸೆಸ್ ಮೂಲಕ ಕರೆದು, ನಿಲ್ಲಿಸುವಾಗ ಅದನ್ನು ಕೊಲ್ಲುವಂತೆ ಬರೆದೆ. ಇದು ಮೊದಲ ಸಲಕ್ಕಿಂತ ಕೆಟ್ಟ ಉಪಾಯವಾಗಿತ್ತು, ಏಕೆಂದರೆ ಇದು ಕೆಲಸ ಮಾಡಿದಂತೆ ಕಂಡಿತು. ರನ್‌ಸರ್ವರ್ ತನ್ನ ಮರುಚಾಲನೆಗಾಗಿ ತಾನೊಂದು ಮರಿ ಪ್ರೊಸೆಸ್ಸನ್ನು ಇಟ್ಟುಕೊಂಡಿರುತ್ತದೆ; ನಿಜವಾಗಿ ಪುಟಗಳನ್ನು ಬಡಿಸುವುದು ಆ ಮರಿ. ವಿಂಡೋಸಿನಲ್ಲಿ ತಾಯಿಯನ್ನು ಕೊಂದರೆ ಮರಿ ಸಾಯುವುದಿಲ್ಲ. ನಾನು ತೂಕದ ಲೆಕ್ಕದಲ್ಲಿದ್ದ ಒಂದು ತಪ್ಪನ್ನು ತಿದ್ದಿ ಸರ್ವಿಸನ್ನು ನಿಲ್ಲಿಸಿ ಆರಂಭಿಸಿದರೂ ಬ್ರೌಸರಿನಲ್ಲಿ ಹಳೆಯ ತಪ್ಪೇ ಬರುತ್ತಿತ್ತು. ನೆಟ್‌ಸ್ಟ್ಯಾಟ್ ಹಾಕಿ ನೋಡಿದರೆ ಬ್ರೌಸರು ಬಂದು ತಟ್ಟುವ 8000ದ ಪೋರ್ಟಿನಲ್ಲಿ ಎರಡು ಪ್ರೊಸೆಸ್ಸುಗಳು ಒಟ್ಟಿಗೆ ಕಿವಿಗೊಟ್ಟು ಕುಳಿತಿದ್ದವು. ಪೋರ್ಟನ್ನು ಮರುಬಳಸಲು ಅನುಮತಿ ಕೇಳುವ ಸಾಕೆಟ್ ಆಯ್ಕೆಗೆ ವಿಂಡೋಸ್ ಕೊಡುವ ಅರ್ಥ ಲಿನಕ್ಸಿನದಕ್ಕಿಂತ ಸಡಿಲವಾದ್ದರಿಂದ, ಒಂದೇ ಪೋರ್ಟಿಗೆ ಇಬ್ಬರು ಹಕ್ಕುದಾರರು ಜಗಳವಿಲ್ಲದೆ ಇರಬಲ್ಲರು.

ರನ್‌ಸರ್ವರ್ ಬರೆಯುವಾಗಿನ ಅನುಕೂಲಕ್ಕೆ ಮಾತ್ರ, ಬಳಕೆಗೆ ಇಡಬೇಡಿ ಎಂದು ಜ್ಯಾಂಗೊದ ದಾಖಲೆಗಳು ಸ್ಪಷ್ಟವಾಗಿ ಹೇಳುತ್ತವೆ. ಆದರೆ ಬಳಕೆಗೆ ಎಲ್ಲರೂ ಹೇಳುವ ಗುನಿಕಾರ್ನ್ ಎಂಬ ಸರ್ವರ್ ಯೂನಿಕ್ಸಿನದು. ಅದು ನೆಚ್ಚಿಕೊಂಡಿರುವ, ಪ್ರೊಸೆಸ್ಸೊಂದು ತನ್ನದೇ ಪ್ರತಿಯನ್ನು ಹುಟ್ಟಿಸುವ ಫೋರ್ಕ್ ವಿಂಡೋಸಿನಲ್ಲಿ ಇಲ್ಲವೇ ಇಲ್ಲ. ವಿಂಡೋಸಿನಲ್ಲಿ ನೆಮ್ಮದಿಯಾಗಿ ಓಡುವುದು ಪೈಲನ್ಸ್ ಯೋಜನೆಯ ವೇಟ್ರೆಸ್. ಅದು ಸಂಪೂರ್ಣವಾಗಿ ಪೈಥಾನಿನಲ್ಲಿ ಬರೆದ ಸರ್ವರ್. ಮರಿ ಹಾಕುವುದಿಲ್ಲ, ಸಿಗ್ನಲ್ ಕೇಳುವುದಿಲ್ಲ, ಒಂದೇ ಪ್ರೊಸೆಸ್ಸಿನಲ್ಲಿ ನಾಲ್ಕು ಥ್ರೆಡ್‌ಗಳನ್ನು ಇಟ್ಟುಕೊಂಡು ತೆಪ್ಪಗೆ ಕೆಲಸ ಮಾಡುತ್ತದೆ. ಐದಾರು ಜನ ಬಳಸುವ ಸಂಘಕ್ಕೆ ನಾಲ್ಕು ಥ್ರೆಡ್ ಧಾರಾಳ. ಓಡುವ ಮೆಥಡಿನಲ್ಲಿ ಸರ್ವರ್ ವಸ್ತುವನ್ನು ಕಟ್ಟಿ ಅದರ ರನ್ ಕರೆಯುವುದು, ನಿಲ್ಲುವ ಮೆಥಡಿನಲ್ಲಿ “ನಿಲ್ಲುತ್ತಿದ್ದೇನೆ” ಎಂಬ ಸ್ಥಿತಿಯನ್ನು ಮೊದಲು ವರದಿ ಮಾಡಿ ಆಮೇಲೆ ಅದನ್ನು ಮುಚ್ಚುವುದು, ಇಷ್ಟಕ್ಕೆ ಸರ್ವಿಸ್ ಆಯಿತು. ರನ್‌ಸರ್ವರ್ ತಾನಾಗಿ ಕೊಡುತ್ತಿದ್ದ ಸಿಎಸ್‌ಎಸ್ ಮತ್ತು ಚಿತ್ರಗಳನ್ನು ವೇಟ್ರೆಸ್ ಕೊಡುವುದಿಲ್ಲವಾದ್ದರಿಂದ ಅದಕ್ಕೆ ವೈಟ್‌ನಾಯ್ಸ್ ಸೇರಿಸಬೇಕಾಯಿತು.

ಪೈವಿನ್32ರಲ್ಲಿ ಡಿಬಗ್ ಎಂಬ ಆಯ್ಕೆಯಿದೆ. ನೋಂದಾಯಿಸಿದ ಸರ್ವಿಸನ್ನು ಮೇಲ್ವಿಚಾರಕನ ಕೈಗೆ ಕೊಡದೆಯೇ ಅದೇ ಕೋಡನ್ನು ನಮ್ಮ ಕಣ್ಣೆದುರಿನ ಕನ್ಸೋಲಿನಲ್ಲಿ ಓಡಿಸಿ ತೋರಿಸುತ್ತದೆ. ನನ್ನ ಕೋಡ್ ಡಿಬಗ್‌ನಲ್ಲಿ ಮುತ್ತಿನಂತೆ ಓಡಿತು, ಸರ್ವಿಸ್ ಆಗಿ ಆರಂಭಿಸಿದರೆ ಮತ್ತದೇ 1053. ಈ ಸಲದ ಕಾರಣ ಬೇರೆ: ನಾನು ಪೈಥಾನನ್ನು ಸ್ಥಾಪಿಸುವಾಗ “ನನಗೆ ಮಾತ್ರ” ಎಂಬ ಸಹಜ ಆಯ್ಕೆಯನ್ನು ಒಪ್ಪಿದ್ದರಿಂದ ಅದು ನನ್ನ ಬಳಕೆದಾರ ಫೋಲ್ಡರಿನೊಳಗಿನ ಆ್ಯಪ್‌ಡೇಟಾದಲ್ಲಿ ಹೋಗಿ ಕುಳಿತಿತ್ತು, ಅದಕ್ಕೆ ಬೇಕಾದ ಕೋಡಿನ ತುಣುಕುಗಳಾದ ಡಿಎಲ್‌ಎಲ್‌ಗಳನ್ನು ಹುಡುಕುವ ದಾರಿಯೂ ನನ್ನ ಖಾತೆಯ ಪಾತ್ ಚರದಲ್ಲಿ ಮಾತ್ರ ಇತ್ತು. ಸರ್ವಿಸ್ ಓಡುವುದು ಬೇರೆ ಖಾತೆಯಲ್ಲಿ. ಅದಕ್ಕೆ ನನ್ನ ಪಾತ್ ಕಾಣದು. ಪೈಥಾನನ್ನು ತೆಗೆದು, ಎಲ್ಲ ಬಳಕೆದಾರರಿಗೂ ಎಂದು ಪ್ರೋಗ್ರಾಮ್ ಫೈಲ್ಸ್‌ಗೆ ಮರುಸ್ಥಾಪಿಸಿ, ಪೈವಿನ್32ರ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದ ಮೇಲೆ ಸರ್ವಿಸ್ ಮೊದಲ ಬಾರಿಗೆ ಎದ್ದು ನಿಂತಿತು. ಆರಂಭದಲ್ಲಿಯೇ ಸೋತ ಸರ್ವಿಸಿನ ವಿಷಯದಲ್ಲಿ ವಿಂಡೋಸಿನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ಬಿಟ್ಟರೆ ಬೇರೆ ಸಾಕ್ಷಿ ಸಿಗುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಎದ್ದು ನಿಂತ ಮೇಲೆ ಬಂದ ತೊಂದರೆಗಳೇ ನಿಜಕ್ಕೂ ಹೇಳಬೇಕಾದವು. ನಾವು ಲಾಗಿನ್ ಆಗಿ ಕಾರ್ಯಕ್ರಮವೊಂದನ್ನು ಓಡಿಸಿದಾಗ ನಮ್ಮ ಲಾಗಿನ್ ಅದಕ್ಕೆ ಎಷ್ಟೋ ವಸ್ತುಗಳನ್ನು ಕೇಳದೆಯೇ ಒದಗಿಸುತ್ತಿರುತ್ತದೆ. ಸರ್ವಿಸ್ ಆದಾಗ ಅವು ಒಂದೊಂದಾಗಿ ಇಲ್ಲವಾಗುತ್ತವೆ, ಮತ್ತು ಇಲ್ಲವಾದ ಮೇಲಷ್ಟೇ ಅವು ಇದ್ದವೆಂಬುದು ನಮಗೆ ಗೊತ್ತಾಗುತ್ತದೆ.

ಮೊದಲು ಇಲ್ಲವಾದದ್ದು ಡೇಟಾಬೇಸ್. ಪುಟ ತೆರೆದರೆ ಅಂಥ ಟೇಬಲ್ ಇಲ್ಲ ಎಂಬ ದೋಷ. ಸಂಘದ ಅಷ್ಟೂ ತಿಂಗಳ ಲೆಕ್ಕ ಮಾಯವಾಯಿತೇ ಎಂದು ಒಂದು ಕ್ಷಣ ನನ್ನ ಕೈಕಾಲು ತಣ್ಣಗಾದದ್ದು ನಿಜ. ಲೆಕ್ಕ ಎಲ್ಲಿಗೂ ಹೋಗಿರಲಿಲ್ಲ. ಸೆಟ್ಟಿಂಗ್ಸಿನಲ್ಲಿ ನಾನು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನ ಫೈಲಿಗೆ ಪೂರ್ಣ ದಾರಿಯನ್ನು ಕೊಡದೆ ಬರಿಯ ಹೆಸರನ್ನು ಕೊಟ್ಟಿದ್ದೆ. ಸರ್ವಿಸಿನ ಚಾಲ್ತಿ ಫೋಲ್ಡರ್ ನಮ್ಮ ಪ್ರಾಜೆಕ್ಟ್ ಆಗಿರುವುದಿಲ್ಲ, ವಿಂಡೋಸಿನೊಳಗಿನ ಸಿಸ್ಟಮ್32 ಆಗಿರುತ್ತದೆ. ಅಲ್ಲಿ ಆ ಹೆಸರಿನ ಫೈಲ್ ಇಲ್ಲದ್ದನ್ನು ಕಂಡ ಎಸ್‌ಕ್ಯೂಲೈಟ್ ತನ್ನ ಪದ್ಧತಿಯಂತೆ ಹೊಸದೊಂದು ಖಾಲಿ ಫೈಲನ್ನು ಸೃಷ್ಟಿಸಿಬಿಟ್ಟಿತು. ಸರ್ವಿಸ್ ಓಡುತ್ತಿದ್ದ ಲೋಕಲ್‌ಸಿಸ್ಟಮ್ ಎಂಬ ವಿಂಡೋಸಿನದೇ ಖಾತೆಗೆ ಅಲ್ಲಿ ಬರೆಯುವ ಅಧಿಕಾರವೂ ಇದ್ದುದರಿಂದ ಯಾರೂ ತಡೆಯಲಿಲ್ಲ. ಜ್ಯಾಂಗೊ ತಾನಾಗಿ ಬರೆದುಕೊಡುವ ಸೆಟ್ಟಿಂಗ್ಸ್ ಫೈಲಿನಲ್ಲಿ ಬೇಸ್ ಡಿರ್ ಎಂಬ ಪೂರ್ಣ ದಾರಿಯ ಲೆಕ್ಕಾಚಾರವಿರುವುದು ಇದಕ್ಕಾಗಿಯೇ. ಅದನ್ನು ಅಚ್ಚುಕಟ್ಟು ಮಾಡುವ ಹುಮ್ಮಸ್ಸಿನಲ್ಲಿ ಅಳಿಸಿದವನು ನಾನೇ.

ಎರಡನೆಯದು ಝಡ್ ಡ್ರೈವ್. ಸದಸ್ಯರ ದಾಖಲೆಗಳ ಸ್ಕ್ಯಾನ್ ಪ್ರತಿಗಳು ಇನ್ನೊಂದು ಕಂಪ್ಯೂಟರಿನ ಹಂಚಿಕೆಯ ಫೋಲ್ಡರಿನಲ್ಲಿದ್ದು, ಅದನ್ನು ಝಡ್ ಎಂದು ಜೋಡಿಸಲಾಗಿತ್ತು. ಹೀಗೆ ಜೋಡಿಸಿದ ಡ್ರೈವ್ ಅಕ್ಷರಗಳು ಯಂತ್ರಕ್ಕೆ ಸೇರಿದವಲ್ಲ, ಲಾಗಿನ್ನಿಗೆ ಸೇರಿದವು. ಸರ್ವಿಸಿನ ಪಾಲಿಗೆ ಝಡ್ ಎಂಬುದು ಅಸ್ತಿತ್ವದಲ್ಲಿಯೇ ಇಲ್ಲ. ಎರಡು ಓರೆಗೆರೆಗಳಿಂದ ಶುರುವಾಗಿ ಆ ಯಂತ್ರವನ್ನೇ ಹೆಸರಿಸುವ ಯುಎನ್‌ಸಿ ದಾರಿಯನ್ನು ಕೊಟ್ಟರೂ ಅರ್ಧ ಸಮಸ್ಯೆ ಉಳಿಯುತ್ತದೆ, ಏಕೆಂದರೆ ಖಾತೆಗಳನ್ನೆಲ್ಲ ಒಂದೆಡೆ ನೋಡಿಕೊಳ್ಳುವ ಡೊಮೇನ್ ಇಲ್ಲದ ಇಂಥ ಸಣ್ಣ ಜಾಲದಲ್ಲಿ ಲೋಕಲ್‌ಸಿಸ್ಟಮ್ ಖಾತೆಗೆ ಪಕ್ಕದ ಯಂತ್ರಕ್ಕೆ ತೋರಿಸಲು ಗುರುತಿನ ಚೀಟಿಯೇ ಇರುವುದಿಲ್ಲ. ತನ್ನದೇ ಯಂತ್ರದಲ್ಲಿ ಸರ್ವಾಧಿಕಾರಿ, ನೆರೆಮನೆಯಲ್ಲಿ ಅನಾಮಿಕ. ಎರಡೂ ಕಂಪ್ಯೂಟರುಗಳಲ್ಲಿ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಉಳ್ಳ ಸಾಮಾನ್ಯ ಖಾತೆಯೊಂದನ್ನು ಸೃಷ್ಟಿಸಿ ಸರ್ವಿಸನ್ನು ಅದರಡಿಯಲ್ಲಿ ಓಡಿಸಿದಾಗ ಇದು ಬಗೆಹರಿಯಿತು. ವೆಬ್ ಕಾರ್ಯಕ್ರಮವೊಂದು ಯಂತ್ರದ ಅತ್ಯುನ್ನತ ಅಧಿಕಾರದಲ್ಲಿ ಓಡುವುದು ಹೇಗೂ ಒಳ್ಳೆಯದಲ್ಲ. ಜಾಲದ ಗೊಡವೆ ಇಲ್ಲದಿದ್ದರೆ ವಿಂಡೋಸ್ 7ರಿಂದ ಬಂದಿರುವ, ಎನ್‌ಟಿ ಸರ್ವಿಸ್ ಎಂದು ಶುರುವಾಗುವ, ಪಾಸ್‌ವರ್ಡಿನ ತಲೆನೋವಿಲ್ಲದ ವರ್ಚುವಲ್ ಖಾತೆಯನ್ನೇ ನಾನು ಆರಿಸುತ್ತಿದ್ದೆ. ಸಾಮಾನ್ಯ ಖಾತೆಯ ಪಾಸ್‌ವರ್ಡನ್ನು ಯಾರಾದರೂ ಬದಲಿಸಿದರೆ ಮರುದಿನ ಸರ್ವಿಸ್ 1069ನೆಯ ದೋಷ ತೋರಿಸಿ ಏಳಲು ನಿರಾಕರಿಸುತ್ತದೆ. ಆ ಪಾಸ್‌ವರ್ಡಿಗೆ ಅವಧಿ ಮುಗಿಯದಂತೆ ಗುರುತು ಹಾಕಿ ಇಟ್ಟಿದ್ದೇನೆ.

ಮೂರನೆಯದು ಪ್ರಿಂಟರ್. ನಾನು ಚೀಟಿಯನ್ನು ಸರ್ವರಿನಿಂದಲೇ ಡೀಫಾಲ್ಟ್ ಪ್ರಿಂಟರಿಗೆ ಕಳುಹಿಸುತ್ತಿದ್ದೆ. ಡೀಫಾಲ್ಟ್ ಪ್ರಿಂಟರ್ ಎಂಬುದೂ ಬಳಕೆದಾರನ ಆಸ್ತಿ. ಇನ್ನು ಡ್ರೈವರು ಕಾಗದ ಮುಗಿಯಿತೆಂದು ಪರದೆಯ ಮೇಲೆ ಒಂದು ಪೆಟ್ಟಿಗೆ ತೋರಿಸಿ ಸರಿ ಒತ್ತಲು ಕಾಯುವ ಜಾತಿಯದಾಗಿದ್ದರಂತೂ ಮುಗಿಯಿತು. ವಿಂಡೋಸ್ ವಿಸ್ತಾದಿಂದ ಈಚೆಗೆ ಸರ್ವಿಸುಗಳು ಸೊನ್ನೆಯ ಸೆಷನ್ ಎಂಬ ಪ್ರತ್ಯೇಕ ಕೋಣೆಯಲ್ಲಿ ಇರುತ್ತವೆ. ಹೆಚ್ಚಿನ ಅಧಿಕಾರದ ಸರ್ವಿಸುಗಳ ಕಿಟಕಿಗಳಿಗೆ ಸಾಮಾನ್ಯ ಕಾರ್ಯಕ್ರಮಗಳು ಸಂದೇಶ ಕಳುಹಿಸಿ ಹಾಳುಮಾಡದಿರಲೆಂದು ಮೈಕ್ರೋಸಾಫ್ಟ್ ಎಬ್ಬಿಸಿದ ಗೋಡೆ ಅದು. ಆ ಕೋಣೆಯಲ್ಲಿ ಮೂಡಿದ ಪೆಟ್ಟಿಗೆಯನ್ನು ನೋಡುವ ಕಣ್ಣೂ ಇಲ್ಲ, ಒತ್ತುವ ಕೈಯೂ ಇಲ್ಲ. ಥ್ರೆಡ್ ಯುಗಾಂತರ ಕಾಯುತ್ತದೆ. ಮುದ್ರಣವನ್ನು ನಾನು ಬ್ರೌಸರಿಗೇ ವರ್ಗಾಯಿಸಿದೆ. ಚೀಟಿ ಬೇಕಾದವರ ಎದುರಿನ ಯಂತ್ರವೇ ಅದನ್ನು ಮುದ್ರಿಸಲಿ. ಅದು ಮೊದಲೇ ಹಾಗಿರಬೇಕಿತ್ತು.

ನಾಲ್ಕನೆಯದು ಕನ್ನಡಿಗರಿಗೆ ವಿಶೇಷವಾಗಿ ಕಾಡುವ ತೊಂದರೆ. ಸದಸ್ಯರ ಹೆಸರುಗಳೆಲ್ಲ ಕನ್ನಡ ಲಿಪಿಯಲ್ಲಿದ್ದವು, ಮತ್ತು ಪ್ರತಿ ಚೀಟಿಗೂ ಒಂದು ಸಾಲನ್ನು ಲಾಗಿಗೆ, ಅಂದರೆ ನಡೆದದ್ದರ ದಾಖಲೆಗೆ, ಬರೆಯುತ್ತಿದ್ದೆ. ಕನ್ಸೋಲಿನಲ್ಲಿ ಇದು ಎಂದೂ ತೊಡಕಾಗಿರಲಿಲ್ಲ, ಪೈಥಾನ್ 3.6ರಿಂದ ವಿಂಡೋಸ್ ಕನ್ಸೋಲಿಗೆ ಬರೆಯುವುದು ಯೂನಿಕೋಡಿನಲ್ಲಿಯೇ ನಡೆಯುತ್ತದೆ, ಕಿಟಕಿಯಲ್ಲಿ ಅಕ್ಷರಗಳ ಬದಲು ಚೌಕಗಳು ಕಂಡರೂ ಕಾರ್ಯಕ್ರಮ ಮುಂದೆ ಸಾಗುತ್ತದೆ. ಸರ್ವಿಸಿಗೆ ಕನ್ಸೋಲಿಲ್ಲ. ಲಾಗನ್ನು ಫೈಲಿಗೆ ತಿರುಗಿಸಿದೊಡನೆ, ಎನ್‌ಕೋಡಿಂಗ್ ಯಾವುದೆಂದು ನಾವು ಹೇಳದಿದ್ದರೆ, ಪೈಥಾನ್ ಯಂತ್ರದ ಹಳೆಯ ಕೋಡ್‌ಪೇಜಿಗೆ ಮೊರೆಹೋಗುತ್ತದೆ. ಇಂಗ್ಲಿಷ್ ವಿಂಡೋಸಿನಲ್ಲಿ ಅದು 1252. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಆ ಪುಟ್ಟ ಕೋಷ್ಟಕದಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಸ್ಥಾನವಿಲ್ಲ. ಚಾರ್‌ಮ್ಯಾಪ್ ಕೋಡೆಕ್ಕಿಗೆ ಈ ಅಕ್ಷರಗಳನ್ನು ಬರೆಯಲಾಗದೆಂಬ ದೋಷ ಬಂದು, ನಾನು ಬರಿಯ ಪ್ರಿಂಟ್ ಬಳಸಿದ್ದ ಕಡೆಗಳಲ್ಲಿ ಚೀಟಿಯೇ ನಿಂತುಹೋಗುತ್ತಿತ್ತು. ಇಂಗ್ಲಿಷಿನಲ್ಲಿ ಹೆಸರು ಬರೆಸಿದ್ದ ಒಬ್ಬಿಬ್ಬರು ಸದಸ್ಯರ ಚೀಟಿಗಳು ಮಾತ್ರ ಸಲೀಸಾಗಿ ಬರುತ್ತಿದ್ದುದರಿಂದ, ಆ ಸದಸ್ಯರ ಖಾತೆಯಲ್ಲಿ ಏನೋ ವಿಶೇಷವಿದೆಯೆಂದು ನಾನು ಅರ್ಧ ದಿನ ದಾರಿ ತಪ್ಪಿದೆ. ಲಾಗ್ ಫೈಲನ್ನು ತೆರೆಯುವಲ್ಲಿ, ಕನ್ನಡವೂ ಹಿಡಿಯುವ ಎನ್‌ಕೋಡಿಂಗ್ ಆದ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯುವುದು ಇದಕ್ಕೆ ಮದ್ದು. ಪೈಥಾನ್ 3.7ರಿಂದ ಪೈಥಾನ್‌ಯುಟಿಎಫ್8 ಎಂಬ ಪರಿಸರ ಚರಕ್ಕೆ 1 ಎಂಬ ಬೆಲೆ ಕೊಟ್ಟರೂ ಇಡೀ ಕಾರ್ಯಕ್ರಮ ಯುಟಿಎಫ್-8ಕ್ಕೆ ಹೊರಳುತ್ತದೆ; ನಾನು ಎರಡನ್ನೂ ಮಾಡಿದ್ದೇನೆ.

ಇಷ್ಟನ್ನೆಲ್ಲ ಡಿಬಗ್ ಆಯ್ಕೆ ತೋರಿಸಿಕೊಡಲಾರದು, ಏಕೆಂದರೆ ಅದು ಓಡುವುದು ನಮ್ಮ ಲಾಗಿನ್ನಿನ ಹೊದಿಕೆಯೊಳಗೆ. ನನಗೆ ಕಣ್ಣು ತೆರೆಸಿದ್ದು ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಂಗ್ರಹದ ಪಿಎಸ್‌ಎಕ್ಸೆಕ್. ಅದಕ್ಕೆ ಎಸ್ ಎಂಬ ಆಯ್ಕೆ ಕೊಟ್ಟು ಕಮ್ಯಾಂಡ್ ಪ್ರಾಂಪ್ಟನ್ನು ತೆರೆದರೆ ನಾವು ಲೋಕಲ್‌ಸಿಸ್ಟಮ್ ಆಗಿಬಿಡುತ್ತೇವೆ. ಅಲ್ಲಿ ನಿಂತು ಝಡ್ ಡ್ರೈವಿಗೆ ಹೋಗಲು ಯತ್ನಿಸಿದರೆ ಅಂಥ ಡ್ರೈವೇ ಇಲ್ಲ ಎಂಬ ಉತ್ತರ ಬರುತ್ತದೆ. ಸರ್ವಿಸ್ ಕಾಣುತ್ತಿದ್ದ ಜಗತ್ತನ್ನು ಅದರ ಕಣ್ಣಿನಿಂದಲೇ ನೋಡಿದ ಆ ಹತ್ತು ನಿಮಿಷ, ಅದಕ್ಕೆ ಮುಂಚಿನ ಎರಡು ದಿನಗಳ ಊಹೆಗಿಂತ ಹೆಚ್ಚು ಕಲಿಸಿತು.

ಪೈವಿನ್32ರ ಈ ಸರ್ವಿಸ್ ಒಂದು ವರ್ಷದಷ್ಟು ಚೆನ್ನಾಗಿಯೇ ನಡೆಯಿತು. ಆದರೂ ಈಗ ಅದನ್ನು ತೆಗೆದು ಎನ್‌ಎಸ್‌ಎಸ್‌ಎಂ ಹಾಕಿದ್ದೇನೆ. ಅದು ತಾನೇ ಸರ್ವಿಸ್ ಆಗಿ ಮೇಲ್ವಿಚಾರಕನೊಡನೆ ಮಾತಾಡಿಕೊಂಡು, ನಮ್ಮ ಪೈಥಾನನ್ನು ಸಾಮಾನ್ಯ ಕಾರ್ಯಕ್ರಮದಂತೆ ಒಳಗೆ ಓಡಿಸುವ ಮಧ್ಯವರ್ತಿ. ಚಾಲ್ತಿ ಫೋಲ್ಡರ್, ಪರಿಸರ ಚರಗಳು, ಲಾಗ್ ಹೋಗಬೇಕಾದ ಫೈಲ್, ಎಲ್ಲವನ್ನೂ ಒಂದು ಕಿಟಕಿಯಲ್ಲಿ ತುಂಬಬಹುದು. ಪ್ರಾಜೆಕ್ಟಿಗೆಂದೇ ಬೇರೆಯಾಗಿ ಇಟ್ಟ ವರ್ಚುವಲ್ ಎನ್ವಿರಾನ್‌ಮೆಂಟಿನೊಳಗಿನ ಪೈಥಾನನ್ನು ನೇರವಾಗಿ ಹೆಸರಿಸಬಹುದು, ಅದು ಪೈವಿನ್32ರಲ್ಲಿ ಸದಾ ಗೋಳು. ನಿಲ್ಲಿಸುವಾಗ ಅದು ಮೊದಲು ಕಂಟ್ರೋಲ್ ಸಿ ಕಳುಹಿಸಿ ಸ್ವಲ್ಪ ಕಾಯುತ್ತದೆ, ಕೇಳದಿದ್ದರೆ ಮಾತ್ರ ಕೊಲ್ಲುತ್ತದೆ. ವೇಟ್ರೆಸ್ ಆ ಸೂಚನೆಗೆ ಮರ್ಯಾದೆಯಿಂದ ನಿಲ್ಲುತ್ತದೆ. ಎನ್‌ಎಸ್‌ಎಸ್‌ಎಂನ 2.24ನೆಯ ಆವೃತ್ತಿ 2014ರದ್ದು ಎಂಬುದು ಕೆಲವರಿಗೆ ಅಳುಕು ಹುಟ್ಟಿಸುತ್ತದೆ. ಅಂಥವರಿಗೆ, ಜೆಂಕಿನ್ಸ್ ಬಳಗದಲ್ಲಿ ಹುಟ್ಟಿ ಎಕ್ಸ್‌ಎಂಎಲ್ ಫೈಲೊಂದರಿಂದ ನಡೆಯುವ ವಿನ್‌ಎಸ್‌ಡಬ್ಲ್ಯೂ ಇದೆ. ನಿಲ್ಲುವ ಮುನ್ನ ಅರ್ಧಂಬರ್ಧ ಕೆಲಸಗಳನ್ನು ಎಣಿಸಿ ಮುಗಿಸಬೇಕಾದ, ವಿರಾಮ, ಮುಂದುವರಿಕೆ ಮುಂತಾದ ಆದೇಶಗಳಿಗೆ ಉತ್ತರಿಸಬೇಕಾದ ಕಾರ್ಯಕ್ರಮವಾದರೆ ಪೈವಿನ್32ರ ಶ್ರಮ ಸಾರ್ಥಕ. ಸಂಘದ ತೂಕದ ಚೀಟಿಗೆ ಅದು ಅತಿಯಾಯಿತು. ನಾನಿಲ್ಲದಾಗ ಅದನ್ನು ನೋಡಬೇಕಾದ ಹುಡುಗನಿಗೆ ಒಂದು ಕಿಟಕಿಯ ನಾಲ್ಕು ಖಾನೆಗಳನ್ನು ತೋರಿಸಿಕೊಡುವುದು, ನನ್ನ ನೂರು ಸಾಲಿನ ಕ್ಲಾಸನ್ನು ವಿವರಿಸುವುದಕ್ಕಿಂತ ಸುಲಭ.

ಸರ್ವಿಸಿನ ಪ್ರಾಪರ್ಟೀಸ್ ಕಿಟಕಿಯಲ್ಲಿರುವ ರಿಕವರಿ ಎಂಬ ಟ್ಯಾಬಿನ ಬಗ್ಗೆ ಒಂದು ಎಚ್ಚರಿಕೆ. ಸರ್ವಿಸ್ ಬಿದ್ದರೆ ಮತ್ತೆ ಎಬ್ಬಿಸು ಎಂದು ಅಲ್ಲಿ ಬರೆದರೂ, ಸಹಜ ಸ್ಥಿತಿಯಲ್ಲಿ ವಿಂಡೋಸ್ “ಬಿದ್ದದ್ದು” ಎಂದು ಎಣಿಸುವುದು ಹೇಳದೆ ಕೇಳದೆ ಸತ್ತ ಪ್ರೊಸೆಸ್ಸನ್ನು ಮಾತ್ರ. ದೋಷವನ್ನು ಹಿಡಿದು “ನಿಂತಿದ್ದೇನೆ” ಎಂದು ಸರಿಯಾಗಿ ವರದಿ ಮಾಡಿ ನಿಂತ ಸರ್ವಿಸನ್ನು ಅದು ಮುಟ್ಟುವುದಿಲ್ಲ. ದೋಷದಿಂದ ನಿಂತಾಗಲೂ ಕ್ರಮ ಕೈಗೊಳ್ಳು ಎಂಬ ಇನ್ನೊಂದು ಚೌಕಕ್ಕೆ ಅದೇ ಟ್ಯಾಬಿನಲ್ಲಿ ಗುರುತು ಹಾಕಬೇಕು.

ಇನ್ನು ಹೊಸ ಆವೃತ್ತಿ ಹಾಕುವ ಬಗೆ. ಓಡುತ್ತಿರುವ ಪೈಥಾನ್ ತಾನು ಎತ್ತಿಕೊಂಡ ಡಿಎಲ್‌ಎಲ್ ಮತ್ತು ಪಿವೈಡಿ ಫೈಲುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಸರ್ವಿಸ್ ನಡೆಯುತ್ತಿರುವಾಗಲೇ ಪಿಪ್‌ನಿಂದ ಪ್ಯಾಕೇಜುಗಳನ್ನು ನವೀಕರಿಸಲು ಹೋದರೆ ಪ್ರವೇಶ ನಿರಾಕರಣೆಯಾಗಿ, ಅರ್ಧ ಹಳತು ಅರ್ಧ ಹೊಸತಾದ ಎನ್ವಿರಾನ್‌ಮೆಂಟ್ ಕೈಗೆ ಬರಬಹುದು. ಹಾಗಾಗಿ ಮೊದಲು ನಿಲ್ಲಿಸಿ, ಆಮೇಲೆ ಪಿಪ್, ಆಮೇಲೆ ಡೇಟಾಬೇಸಿನ ರಚನೆಯನ್ನು ಹೊಸ ಕೋಡಿಗೆ ಹೊಂದಿಸುವ ಮೈಗ್ರೇಟ್, ಕೊನೆಗೆ ಆರಂಭ ಎಂದು ಒಂದು ಬ್ಯಾಚ್ ಫೈಲ್ ಬರೆದಿಟ್ಟಿದ್ದೇನೆ. ಅದರಲ್ಲಿ ನಿಲ್ಲಿಸಲು ಎಸ್‌ಸಿ ಸ್ಟಾಪ್ ಬಳಸಿದ್ದು ನನ್ನ ಕೊನೆಯ ತಪ್ಪು: ಅದು ನಿಲ್ಲೆಂದು ಹೇಳಿದೊಡನೆ ಹಿಂದಿರುಗುತ್ತದೆ, ಸರ್ವಿಸ್ ನಿಂತಿತೋ ಇಲ್ಲವೋ ಎಂದು ಕಾಯುವುದಿಲ್ಲ, ಮುಂದಿನ ಸಾಲಿನ ಪಿಪ್ ಇನ್ನೂ ಬೀಗ ಹಾಕಿದ ಫೈಲುಗಳಿಗೆ ಹೋಗಿ ಬಡಿಯುತ್ತದೆ. ಅದೇ ಜಾಗದಲ್ಲಿ ಈಗ ನೆಟ್ ಸ್ಟಾಪ್ ಇದೆ. ಅದು ನಿಲ್ಲುವವರೆಗೆ ಕಾಯುತ್ತದೆ.